ನಿಮಗಿದು ಗೊತ್ತೇ? ತೊಡೆಸಂದಿನಿಂದ ಹೃದಯಕ್ಕೆ ಹೊರಟ ತಂತಿ ಆಸ್ಪತ್ರೆ ವಾಸವನ್ನೇ ತಪ್ಪಿಸುತ್ತದೆ!

ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಹೃದಯ ನಾಲ್ಕೈದು ಸಲ ಬಡಿದಿರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇರುವವರ ಹೃದಯದ ಮೇಲಿನ ಕೋಣೆಗಳು ಏನು ಮಾಡುತ್ತವೆ ಗೊತ್ತೇ? ಒಂದು ನಿಮಿಷಕ್ಕೆ 350ರಿಂದ 600 ಸಲ ಅದುರುತ್ತವೆ. ಆರುನೂರು ಸಲ!

ಅಷ್ಟೂ ಅದುರು ಕೆಳಗಿನ ಕೋಣೆಗಳಿಗೆ ಇಳಿದರೆ ಮನುಷ್ಯ ಬದುಕುವುದೇ ಇಲ್ಲ. ನಡುವೆ ಎವಿ ನೋಡ್ ಎಂಬ ಪುಟ್ಟ ಗಂಟು ಇದೆ. ಬಂದ ಸಂಕೇತಗಳಲ್ಲಿ ಹೆಚ್ಚಿನವನ್ನು ಅದು ಅಲ್ಲೇ ತಡೆದುಬಿಡುತ್ತದೆ. ಉಳಿದವಷ್ಟೇ ಕೆಳಗಿಳಿಯುತ್ತವೆ, ಅದೂ ಲೆಕ್ಕತಪ್ಪಿ. ಅದಕ್ಕೇ ನಾಡಿ ಹಿಡಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ತಾಳವೇ ಕೂಡುವುದಿಲ್ಲ!

ಡಾಕ್ಟರುಗಳು ಇದನ್ನು ಚಿಕ್ಕದಾಗಿ ಎಎಫ್ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಅದುರುವ ಕೋಣೆ ರಕ್ತವನ್ನು ಒತ್ತಿ ಕಳಿಸುವುದಿಲ್ಲ. ಕೆಳಗಿನ ಕೋಣೆ ತುಂಬುವುದರಲ್ಲಿ 20ರಿಂದ 30 ಶೇಕಡಾ ಪಾಲು ಈ ಮೇಲಿನ ಕೋಣೆಯ ಕೊನೆಯ ಒತ್ತಿನದು. ಎಎಫ್ ಶುರುವಾದ ಕ್ಷಣವೇ ಆ ಪಾಲು ಖೋತಾ! ಗಟ್ಟಿ ಹೃದಯ ಹೇಗೋ ತಡೆದುಕೊಳ್ಳುತ್ತದೆ. ಮೊದಲೇ ಸೋತ ಹೃದಯ ಎಲ್ಲಿಂದ ತಡೆದೀತು?

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದು ಎಂದು ತಿಳಿದಿದ್ದೀರಾ? ಅಲ್ಲ! ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲು ಅದರ ಕೈಯಲ್ಲಿ ಆಗುವುದಿಲ್ಲ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ದಿಂಬು, ಮೂರು ದಿಂಬು ಬೇಕಾಗುತ್ತದೆ. ಕೊನೆಗೆ ಒಂದು ರಾತ್ರಿ ಆಸ್ಪತ್ರೆಗೆ ಓಟ. ಒಂದಷ್ಟು ದಿನ ಬಿಟ್ಟು ಮತ್ತೆ ಓಟ!

ಎಕೋ ರಿಪೋರ್ಟಿನಲ್ಲಿ 'ಇಎಫ್' ಎಂಬ ಸಂಖ್ಯೆ ನೋಡಿದ್ದೀರಾ? ಒಂದು ಬಡಿತಕ್ಕೆ ಎಡಗಡೆಯ ಕೆಳಗಿನ ಕೋಣೆ ತನ್ನಲ್ಲಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳಿತು ಎಂಬ ಲೆಕ್ಕ ಅದು. 60 ಎಂದು ನೋಡಿ ಗಾಬರಿಯಾಗಬೇಡಿ. ಅದು ಪೂರ್ತಿ ಆರೋಗ್ಯದ ಅಂಕ! ಇಲ್ಲಿ ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. 35ಕ್ಕಿಂತ ಕೆಳಗಿಳಿದರೆ ಮಾತ್ರ ಹೃದಯ ತುಂಬಾ ಬಳಲಿದೆ ಎಂದರ್ಥ.

ಈಗ ತಮಾಷೆ ಕೇಳಿ. ಎಎಫ್ ಬಂದದ್ದರಿಂದ ಹೃದಯ ಸೋತಿತೋ, ಹೃದಯ ಸೋತದ್ದರಿಂದ ಎಎಫ್ ಬಂತೋ? ಬೀಜ ಮೊದಲೋ ವೃಕ್ಷ ಮೊದಲೋ? ಎರಡೂ ಹೌದು! ಒಂದು ಇನ್ನೊಂದನ್ನು ಎಳೆದು ತರುತ್ತದೆ. ಬಡಿತ ತಾಳತಪ್ಪಿ ಓಡಿದ್ದರಿಂದಲೇ ಹೃದಯ ಸೋಲಬಹುದು ಎಂಬ ಅನುಮಾನ ಎಷ್ಟು ಹಳೆಯದು ಗೊತ್ತೇ? 1913ರಲ್ಲೇ ಇಂಗ್ಲೆಂಡಿನ ಇಬ್ಬರು ವೈದ್ಯರು ಒಬ್ಬ ರೋಗಿಯಲ್ಲಿ ಇದನ್ನು ಗುರುತಿಸಿ ಬರೆದಿಟ್ಟಿದ್ದರು!

ಪ್ರಯೋಗಾಲಯದಲ್ಲಿ ಪ್ರಾಣಿಗಳ ಹೃದಯವನ್ನು ಪೇಸ್‌ಮೇಕರ್‌ನಿಂದ ಬಿಡದೆ ಓಡಿಸಿ ನೋಡಿದ್ದಾರೆ. ಮೂರು ನಾಲ್ಕು ವಾರದಲ್ಲಿ ಗಟ್ಟಿಮುಟ್ಟಾದ ಹೃದಯ ಸೋತು ಸುಣ್ಣ! ಇನ್ನೂ ಸೋಜಿಗದ ಮಾತೆಂದರೆ, ಪೇಸ್‌ಮೇಕರ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದೇ ಹೃದಯ ಚೇತರಿಸಿಕೊಳ್ಳಲು ಶುರು ಮಾಡುತ್ತದೆ. ಮುಂದೆ ಹೇಳುವ ಎಷ್ಟೋ ಬೆರಗುಗಳ ಗುಟ್ಟು ಇಲ್ಲೇ ಇದೆ.

ಆಡುಗಳಿಗೂ ಇದಕ್ಕೂ ಏನು ಸಂಬಂಧ? ದೊಡ್ಡ ಸಂಬಂಧ! ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್ ಊರಿನಲ್ಲಿ ಮೌರಿಟ್ಸ್ ಅಲೆಸಿ ಅವರ ತಂಡ ಆಡುಗಳ ಹೃದಯಕ್ಕೆ ಪುಟ್ಟ ಯಂತ್ರ ಜೋಡಿಸಿತು. ಎಎಫ್ ನಿಂತ ಕೂಡಲೇ ಯಂತ್ರ ಮತ್ತೆ ಎಎಫ್ ಎಬ್ಬಿಸುತ್ತಿತ್ತು. ಮೊದಮೊದಲು ಅದು ಕೆಲವೇ ಸೆಕೆಂಡು ಇದ್ದು ತಾನೇ ಅಡಗುತ್ತಿತ್ತು. ಕೆಲವು ವಾರ ಕಳೆಯುವಷ್ಟರಲ್ಲಿ ಬಹುತೇಕ ಆಡುಗಳಲ್ಲಿ ಇಡೀ ದಿನ ಕಳೆದರೂ ನಿಲ್ಲದಾಯಿತು! 1995ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳಿದ್ದಿಷ್ಟು: ಎಎಫ್ ತನಗೆ ತಾನೇ ಹಾದಿ ಮಾಡಿಕೊಳ್ಳುತ್ತದೆ. ಬಿಟ್ಟಷ್ಟೂ ಬೇರೂರುತ್ತದೆ.

ಅಮೆರಿಕದ ಅಧ್ಯಕ್ಷರನ್ನೂ ಇದು ಬಿಡಲಿಲ್ಲ. 1991ರ ಮೇ ತಿಂಗಳಲ್ಲಿ ಹಿರಿಯ ಜಾರ್ಜ್ ಬುಷ್ ಕ್ಯಾಂಪ್ ಡೇವಿಡ್‌ನಲ್ಲಿ ಜಾಗಿಂಗ್ ಮಾಡುತ್ತಿದ್ದಾಗ ಎಎಫ್ ಕಾಣಿಸಿಕೊಂಡಿತು. ಮೂಲ ಹುಡುಕಿದರೆ ಥೈರಾಯ್ಡಿನ ಗ್ರೇವ್ಸ್ ಕಾಯಿಲೆ. ಪತ್ನಿ ಬಾರ್ಬರಾ ಬುಷ್ ಅವರಿಗೂ ಅದೇ ಕಾಯಿಲೆ! ಅವರ ನಾಯಿ ಮಿಲ್ಲಿಗೆ ಲೂಪಸ್. ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಕಾಡುವ ರೋಗಗಳ ಗುಂಪಿಗೇ ಇದೂ ಸೇರಿದ್ದು. ಒಂದೇ ಮನೆಯಲ್ಲಿ ಮೂವರಿಗೆ! ವಾಷಿಂಗ್ಟನ್ನಿನಲ್ಲಿ ಮನೆಯ ನೀರನ್ನೂ ಪರೀಕ್ಷೆ ಮಾಡಿಸಿದರಂತೆ.

ಸರಿ, ಔಷಧ ಕೊಟ್ಟು ಲಯ ಸರಿಮಾಡಬಾರದೇ? ಮಾಡಬಹುದು. ಸೋತ ಹೃದಯಕ್ಕೆ ಕೊಡಬಹುದಾದ ಲಯದ ಔಷಧಗಳು ಮಾತ್ರ ಬೆರಳೆಣಿಕೆಯಷ್ಟೇ. ಮುಖ್ಯವಾದದ್ದು ಅಮಿಯೋಡರಾನ್. ಅದರ ಮೂಲ ಕೇಳಿದರೆ ಬೆರಗಾಗುತ್ತೀರಿ: ಈಜಿಪ್ಟಿನ ಖೆಲ್ಲಾ ಎಂಬ ಗಿಡ! ಕೈರೋದ ಪ್ರಯೋಗಾಲಯವೊಂದರ ಸಹಾಯಕ ಬೇರೆ ತೊಂದರೆಗೆಂದು ಅದನ್ನು ಸೇವಿಸುತ್ತಿದ್ದ. ಅವನ ಎದೆನೋವೂ ಹೋಯಿತು. ಅಲ್ಲಿಂದ ಶುರುವಾದ ಹುಡುಕಾಟ ಬೆಲ್ಜಿಯಂನಲ್ಲಿ ಈ ಮಾತ್ರೆಯಾಗಿ ಮುಗಿಯಿತು.

ಈ ಔಷಧದ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬರೀ ಅಯೋಡಿನ್! ಅದಕ್ಕೇ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮೈಯಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಇಂದು ಬಿಟ್ಟರೂ ಮುಂದಿನ ಹಬ್ಬದವರೆಗೆ ಒಳಗೇ ಕೂತಿರುತ್ತದೆ. ಬಹುಕಾಲ ತೆಗೆದುಕೊಂಡ ಕೆಲವರ ಚರ್ಮ ನೀಲಿ ಬೂದಿ ಬಣ್ಣಕ್ಕೆ ತಿರುಗಿದ್ದೂ ಉಂಟು!

ಇನ್ನೊಂದು ಅಚ್ಚರಿ. 2008ರಲ್ಲಿ ಎಎಫ್-ಸಿಎಚ್‌ಎಫ್ ಎಂಬ ದೊಡ್ಡ ಅಧ್ಯಯನ ಹೊರಬಂತು. ಹಾರ್ಟ್ ಫೇಲ್ಯೂರ್ ಮತ್ತು ಎಎಫ್ ಎರಡೂ ಇದ್ದ 1,376 ಜನ. ಅರ್ಧದಷ್ಟು ಜನರಿಗೆ ಔಷಧದಿಂದ ಲಯ ಸರಿಪಡಿಸುವ ಯತ್ನ, ಉಳಿದವರಿಗೆ ಬಡಿತದ ವೇಗ ತಗ್ಗಿಸಿದರೆ ಸಾಕೆಂಬ ಕ್ರಮ. ಯಾರು ಹೆಚ್ಚು ಬದುಕಿದರು? ಎರಡೂ ಒಂದೇ! ಹೃದಯದ ಕಾರಣಕ್ಕೆ ತೀರಿಕೊಂಡವರು ಲಯದ ಗುಂಪಿನಲ್ಲಿ 27 ಶೇಕಡಾ, ವೇಗದ ಗುಂಪಿನಲ್ಲಿ 25 ಶೇಕಡಾ. ಲಯ ಸರಿಮಾಡಿ ಪ್ರಯೋಜನವಿಲ್ಲ ಎಂದೇ ಬಹಳ ಮಂದಿ ತೀರ್ಮಾನಿಸಿಬಿಟ್ಟರು. ತಪ್ಪು ಲಯದ್ದಲ್ಲ, ಅದನ್ನು ಸರಿಮಾಡಲು ಬಳಸಿದ ಔಷಧದ್ದು ಇರಬಹುದೇ? ಈ ಪ್ರಶ್ನೆಗೆ ಉತ್ತರ ಬಂದದ್ದು ತಂತಿಯ ತುದಿಯಿಂದ!

ಹೃದಯದೊಳಗೆ ತಂತಿ ತೂರಿಸುವ ಧೈರ್ಯ ಮೊದಲು ಯಾರಿಗೆ ಬಂತು? 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯ ಎಳೆಯ ವೈದ್ಯ ವೆರ್ನರ್ ಫೋರ್ಸ್‌ಮನ್‌ಗೆ. ಮೇಲಿನವರು ಬೇಡವೆಂದಿದ್ದರು. ಗೆರ್ಡಾ ಡಿಟ್ಸೆನ್ ಎಂಬ ನರ್ಸ್, ನನ್ನ ಮೇಲೇ ಪ್ರಯೋಗ ಮಾಡಿ ಎಂದು ಮೇಜಿನ ಮೇಲೆ ಮಲಗಿದರು. ಅವರನ್ನು ಮೇಜಿಗೆ ಕಟ್ಟಿಹಾಕಿ ಈ ಪುಣ್ಯಾತ್ಮ ತನ್ನ ತೋಳನ್ನೇ ಕೊಯ್ದು 65 ಸೆಂಟಿಮೀಟರಿನ ಕೊಳವೆ ತೂರಿಸಿಕೊಂಡ! ಕೊಳವೆ ತೋಳಿನಲ್ಲಿರುವಾಗಲೇ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದ. ಕೊಳವೆಯ ತುದಿ ಹೃದಯದೊಳಗಿತ್ತು!

ಆ ಕೊಳವೆ ಹೃದಯಕ್ಕೆಂದು ಮಾಡಿದ್ದೇ ಅಲ್ಲ, ಮೂತ್ರನಾಳಕ್ಕೆ ಹಾಕುವಂಥದ್ದು. ಮುಂದೆ ಫೋರ್ಸ್‌ಮನ್ ಮೂತ್ರಾಂಗ ತಜ್ಞರಾಗಿಯೇ ಜೀವನ ಸಾಗಿಸಿದರು. 1956ರಲ್ಲಿ ನೊಬೆಲ್ ಬಂತು, ಹೃದಯದ ಕೆಲಸಕ್ಕೆ!

ಎಎಫ್‌ನ ಕಿಡಿ ಎಲ್ಲಿ ಹುಟ್ಟುತ್ತದೆ ಎಂದು ಊಹಿಸಿ ನೋಡೋಣ. ಹೃದಯದಲ್ಲಿ? ಬಹುಪಾಲು ಅಲ್ಲ! ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸ್ಸಗೆರ್ ಅವರ ತಂಡ 45 ರೋಗಿಗಳಲ್ಲಿ 69 ಕಿಡಿಗಳನ್ನು ಹುಡುಕಿತು. ಅದರಲ್ಲಿ 65 ಸಿಕ್ಕಿದ್ದು ಈ ನಾಳಗಳೊಳಗೆ! ಹೃದಯದ ಸ್ನಾಯುವಿನ ಸಣ್ಣ ತೋಳುಗಳು ನಾಳದೊಳಕ್ಕೆ ಒಂದೆರಡು ಅಂಗುಲ ಚಾಚಿಕೊಂಡಿರುತ್ತವೆ, ಕಿಡಿ ಹಾರುವುದು ಅಲ್ಲಿಂದ. ಇದು 1998ರ ಮಾತು. ಅಲ್ಲಿಯವರೆಗೆ ಎಲ್ಲರೂ ಹುಡುಕುತ್ತಿದ್ದುದು ಬೇರೆಲ್ಲೋ!

ಈ ಕಿಡಿಯನ್ನು ತಡೆಯುವ ಚಿಕಿತ್ಸೆಯೇ ಅಬ್ಲೇಷನ್. ಅಂದರೆ ಇಷ್ಟೇ: ಆ ನಾಲ್ಕು ನಾಳಗಳ ಬಾಯಿಯ ಸುತ್ತ ಗದ್ದೆಗೆ ಬೇಲಿ ಹಾಕಿದ ಹಾಗೆ ಸುಟ್ಟ ಕಲೆಗಳ ಸಾಲು ಎಳೆಯುವುದು. ಸತ್ತ ಸ್ನಾಯು ವಿದ್ಯುತ್ತನ್ನು ದಾಟಿಸುವುದಿಲ್ಲ. ಕಿಡಿ ಒಳಗೇ ಹಾರಿ ಒಳಗೇ ಆರಬೇಕು!

ಇದನ್ನು ಮಾಡುವ ತಂತಿ, ಅಂದರೆ ಕ್ಯಾಥೆಟರ್, ಹೊರಡುವುದು ತೊಡೆಸಂದಿನ ರಕ್ತನಾಳದಿಂದ. ತಲುಪುವುದು ಹೃದಯದ ಬಲಭಾಗಕ್ಕೆ. ಕೆಲಸ ಇರುವುದು ಎಡಭಾಗದಲ್ಲಿ! ನಡುವಿನ ತೆಳು ಪರದೆಗೆ ಸೂಜಿಯಿಂದ ತೂತು ಮಾಡಿ ದಾಟುತ್ತಾರೆ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಬಾಗಿಲು ಇದ್ದದ್ದೂ ಸರಿಯಾಗಿ ಅಲ್ಲೇ. ಹುಟ್ಟಿದ ಮೇಲೆ ಮುಚ್ಚಿದ ಬಾಗಿಲನ್ನು ಎಷ್ಟೋ ವರ್ಷದ ಮೇಲೆ ಮತ್ತೆ ತೆರೆಯುವುದು!

ಸುಡಬೇಕಾದ ಎಡ ಮೇಲ್ಕೋಣೆಯ ಗೋಡೆಯ ದಪ್ಪ ಎಷ್ಟು? ಎರಡರಿಂದ ನಾಲ್ಕು ಮಿಲಿಮೀಟರ್. ಅದರ ಬೆನ್ನಿಗೇ ಅಂಟಿದಂತೆ ಅನ್ನನಾಳ. ಹೆಚ್ಚು ಸುಟ್ಟರೆ ಅದಕ್ಕೂ ಬಿಸಿ! ಅದಕ್ಕೇ ಎಷ್ಟೋ ಕಡೆ ಅನ್ನನಾಳದೊಳಗೆ ಥರ್ಮಾಮೀಟರ್ ಇಳಿಬಿಟ್ಟು ಕಣ್ಣಿಟ್ಟಿರುತ್ತಾರೆ.

ಕೆಲವೆಡೆ ಸುಡುವುದಿಲ್ಲ, ಹೆಪ್ಪುಗಟ್ಟಿಸುತ್ತಾರೆ! ಪುಟ್ಟ ಬಲೂನನ್ನು ನಾಳದ ಬಾಯಿಗೆ ಒತ್ತಿ ಒಳಗೆ ಅತಿ ತಂಪಿನ ನೈಟ್ರಸ್ ಆಕ್ಸೈಡ್ ಬಿಡುತ್ತಾರೆ. ಆಗ ಲ್ಯಾಬಿನಲ್ಲಿ ನಿಂತು ನೋಡಬೇಕು. ರೋಗಿಯ ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೆಳಗೆ, ಒಬ್ಬರು ಅಂಗೈ ಊರಿರುತ್ತಾರೆ. ವಪೆಯನ್ನು ಆಡಿಸುವ ನರ ಬಲಗಡೆಯ ನಾಳದ ಹತ್ತಿರವೇ ಹಾದುಹೋಗುತ್ತದಲ್ಲ, ಅದನ್ನು ಬೇಕೆಂದೇ ಕೆಣಕುತ್ತಿರುತ್ತಾರೆ. ಸೆಕೆಂಡಿಗೊಂದರಂತೆ ಬಿಕ್ಕಳಿಕೆಯಂಥ ಒದೆತ ಅಂಗೈಗೆ ತಾಗುತ್ತದೆ. ಠಕ್, ಠಕ್, ಠಕ್. ಒದೆತ ಸ್ವಲ್ಪ ಮೆತ್ತಗಾಯಿತೋ, 'ನಿಲ್ಲಿಸಿ!' ಎಂಬ ಕೂಗು. ತಂಪು ಬಂದ್. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ ನರವನ್ನು ಕಾಯುವುದು ಒಂದು ಬರಿಗೈ!

ಮೂರನೆಯ ಬಗೆ ಇನ್ನೂ ಹೊಸದು. ಬಿಸಿಯೂ ಇಲ್ಲ, ತಂಪೂ ಇಲ್ಲ. ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ ಮುಗಿಯುವ ಭಾರಿ ವೋಲ್ಟೇಜಿನ ಮಿಡಿತಗಳು. ಹೃದಯದ ಜೀವಕೋಶಗಳಿಗೆ ತೂತು ಬೀಳುತ್ತದೆ, ಪಕ್ಕದ ಅನ್ನನಾಳ ಮತ್ತು ನರ ಹೆಚ್ಚಾಗಿ ಪಾರು! ಪಲ್ಸ್ಡ್ ಫೀಲ್ಡ್ ಎನ್ನುವ ಈ ವಿಧಾನಕ್ಕೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಇಷ್ಟೆಲ್ಲ ಮಾಡಿದರೆ ಸೋತ ಹೃದಯದವರ ಆಸ್ಪತ್ರೆ ಓಡಾಟ ನಿಜಕ್ಕೂ ತಪ್ಪುತ್ತದೆಯೇ? ಮೊದಲ ಸುಳಿವು ಕೊಟ್ಟಿದ್ದೂ ಅದೇ ಬೋರ್ಡೋ. 2004ರಲ್ಲಿ ಅಲ್ಲಿಯ ತಂಡ ಹಾರ್ಟ್ ಫೇಲ್ಯೂರ್ ಇದ್ದ 58 ಜನರಿಗೆ ಅಬ್ಲೇಷನ್ ಮಾಡಿದ ಫಲಿತಾಂಶ ಪ್ರಕಟಿಸಿತು. ಅವರ ಇಎಫ್ ಸರಾಸರಿ 21 ಅಂಕ ಮೇಲೇರಿತ್ತು! ಹತ್ತಾರು ಮಾತ್ರೆ ನುಂಗಿದರೂ ಏರದ ಅಂಕ ಅದು.

2018ರಲ್ಲಿ ಬಂದ ಕ್ಯಾಸಲ್-ಎಎಫ್ ಅಧ್ಯಯನದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. 3,013 ಜನರನ್ನು ಜಾಲಿಸಿ ಕೊನೆಗೆ ಆರಿಸಿದ್ದು 363 ಜನರನ್ನು. ಎಲ್ಲರ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ. ಎಲ್ಲರ ಎದೆಯಲ್ಲೂ ಆಗಲೇ ಒಂದು ಯಂತ್ರ! ಬಡಿತ ಪ್ರಾಣಕ್ಕೇ ಕುತ್ತಾಗುವಂತೆ ಹದತಪ್ಪಿದರೆ ಶಾಕ್ ಕೊಡುವ ಆ ಯಂತ್ರವೇ ಎಎಫ್ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಹಗಲೂ ರಾತ್ರಿ ಲೆಕ್ಕ ಬರೆದಿಡುತ್ತಿತ್ತು. 'ನನಗೇನೂ ಆಗಿಲ್ಲ ಡಾಕ್ಟರೇ' ಎಂದು ರೋಗಿ ಹೇಳಿದರೂ ಯಂತ್ರ ಒಪ್ಪುತ್ತಿರಲಿಲ್ಲ.

179 ಜನರಿಗೆ ಅಬ್ಲೇಷನ್, 184 ಜನರಿಗೆ ಔಷಧ. ಮೂರು ವರ್ಷಕ್ಕೂ ಹೆಚ್ಚು ಕಾಯ್ದು ನೋಡಿದರು. ಹಾರ್ಟ್ ಫೇಲ್ಯೂರ್ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಔಷಧದ ಗುಂಪಿನಲ್ಲಿ 66 ಜನ. ಅಬ್ಲೇಷನ್ ಗುಂಪಿನಲ್ಲಿ? ಬರೀ 37! ಶೇಕಡಾವಾರು ಹೇಳಿದರೆ 35.9 ಎಲ್ಲಿ, 20.7 ಎಲ್ಲಿ!

ತೀರಿಕೊಂಡವರ ಲೆಕ್ಕವೂ ಹಾಗೇ. ಔಷಧದ ಗುಂಪಿನಲ್ಲಿ 46, ಅಬ್ಲೇಷನ್ ಗುಂಪಿನಲ್ಲಿ 24. ಹೆಚ್ಚುಕಡಿಮೆ ಅರ್ಧ!

ಇಷ್ಟು ಕೇಳಿ, ಅಬ್ಲೇಷನ್ ಆದ ಎಲ್ಲರ ಲಯವೂ ಪೂರ್ತಿ ಸರಿಹೋಗಿರಬೇಕು ಅಂದುಕೊಂಡಿರಾ? ಇಲ್ಲವೇ ಇಲ್ಲ! ಐದು ವರ್ಷದ ಹೊತ್ತಿಗೆ ಸರಿಯಾದ ಲಯದಲ್ಲಿ ಉಳಿದವರು 63 ಶೇಕಡಾ ಮಾತ್ರ. ಎಷ್ಟೋ ಜನರಿಗೆ ಎಎಫ್ ಮತ್ತೆ ಮತ್ತೆ ಬಂದಿತ್ತು. ಆದರೂ ಲಾಭ ಲಾಭವೇ!

ಅದು ಹೇಗೆ? ಆಮೇಲೆ ಅದೇ ಯಂತ್ರಗಳ ಲೆಕ್ಕ ಬಿಡಿಸಿ ನೋಡಿದರು. ಆರು ತಿಂಗಳ ಹೊತ್ತಿಗೆ ಎಎಫ್‌ನಲ್ಲಿ ಕಳೆಯುವ ಕಾಲ ಅರ್ಧಕ್ಕಿಂತ ಕೆಳಗಿಳಿದವರಲ್ಲಿ ಸಾವೂ ಆಸ್ಪತ್ರೆ ವಾಸವೂ ಕಡಿಮೆ ಕಂಡವು. ಎಎಫ್ ಬುಡಸಮೇತ ಹೋಗಬೇಕಿಲ್ಲ, ಅದರ ಕಾಟ ತಗ್ಗಿದರೂ ಹೃದಯ ಸುಧಾರಿಸಿಕೊಳ್ಳುತ್ತದೆ! ಈ ಇಡೀ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು. 'ಮತ್ತೆ ಬಂತಲ್ಲ, ಎಲ್ಲ ವ್ಯರ್ಥವಾಯಿತು' ಎಂದು ಕೊರಗುವವರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ಈಜಿಪ್ಟಿನ ಗಿಡದ ಮಾತ್ರೆಗೂ ತಂತಿಗೂ ನೇರ ಪಂದ್ಯ ಇಟ್ಟರೆ? ಇಟ್ಟಿದ್ದಾರೆ! 2016ರ ಎಎಟ್ಯಾಕ್ ಅಧ್ಯಯನದಲ್ಲಿ 203 ಜನ. ಎಎಫ್ ಇಲ್ಲದೆ ಉಳಿದವರು ಅಬ್ಲೇಷನ್ ಗುಂಪಿನಲ್ಲಿ 70 ಶೇಕಡಾ, ಅಮಿಯೋಡರಾನ್ ಗುಂಪಿನಲ್ಲಿ 34. ಅಚಾನಕ್ ಆಸ್ಪತ್ರೆ ಸೇರಿದವರು 31 ಶೇಕಡಾ, ಎದುರಿಗೆ 57!

ಇನ್ನೊಂದು ಸುಂದರ ಸಂಗತಿ ಆಸ್ಟ್ರೇಲಿಯಾದಿಂದ. 2017ರ ಕ್ಯಾಮೆರಾ-ಎಂಆರ್‌ಐ ಅಧ್ಯಯನದಲ್ಲಿ 68 ಜನ. ಹೃದಯ ಯಾಕೆ ಸೋತಿತು ಎಂಬುದಕ್ಕೆ ಬೇರೆ ಕಾರಣವೇ ಸಿಗದವರು ಇವರು. ಅಬ್ಲೇಷನ್ ಆದವರ ಇಎಫ್ ಆರು ತಿಂಗಳಲ್ಲಿ ಸರಾಸರಿ 18 ಅಂಕ ಏರಿತು. ಬಡಿತದ ವೇಗವನ್ನಷ್ಟೇ ತಗ್ಗಿಸಿದವರಲ್ಲಿ ಏರಿದ್ದು ನಾಲ್ಕು ಚಿಲ್ಲರೆ. ಎಂಆರ್‌ಐನಲ್ಲಿ ಹೃದಯದ ಮೇಲೆ ಗಾಯದ ಕಲೆ ಕಾಣದವರಿಗಂತೂ ಜಾಕ್‌ಪಾಟ್! ಸೋತದ್ದೆಂದು ಕೈಬಿಟ್ಟ ಹೃದಯ ನಿಜಕ್ಕೂ ದಣಿದಿತ್ತಷ್ಟೇ.

ಹಾಗಾದರೆ ಅಬ್ಲೇಷನ್ ಆದ ಮೇಲೆ ಆಸ್ಪತ್ರೆಯ ಕಡೆ ತಲೆಹಾಕಬೇಕಿಲ್ಲವೇ? ಹೂಂ, ಇಲ್ಲೊಂದು ತಿರುವು ಇದೆ! ಮುಂದಿನ ವರ್ಷಗಳಲ್ಲಿ ಆಸ್ಪತ್ರೆ ವಾಸ ಕಡಿಮೆ, ಆದರೆ ಮೊದಲ ಕೆಲವು ವಾರಗಳಲ್ಲಿ ಒಮ್ಮೆ ವಾಪಸ್ ಹೋಗಬೇಕಾಗಿ ಬರಬಹುದು.

ಒಂದು ಕಾರಣ ಕೇಳಿದರೆ ನಂಬಲಿಕ್ಕಿಲ್ಲ: ಉಪ್ಪುನೀರು! ಸುಡುವ ಕ್ಯಾಥೆಟರಿನ ತುದಿ ತೀರಾ ಕಾಯದಿರಲೆಂದು ಅದರ ರಂಧ್ರಗಳಿಂದ ಸಲೈನ್ ಚಿಮ್ಮಿಸುತ್ತಾರೆ. ಚಿಮ್ಮಿದ್ದೆಲ್ಲ ಹೋಗುವುದು ನೇರ ರಕ್ತಕ್ಕೆ. ನಿಮಿಷಕ್ಕೆ 30 ಮಿಲಿಲೀಟರ್ ಅಂತ ಹಿಡಿಯಿರಿ. ಅರ್ಧ ಗಂಟೆ ಸುಟ್ಟರೆ 900 ಮಿಲಿಲೀಟರ್. ಒಂದು ಲೀಟರಿನ ಬಾಟಲಿ ಹೆಚ್ಚುಕಡಿಮೆ ಖಾಲಿ! ಬೇರೆ ಡ್ರಿಪ್ಪುಗಳು ಬೇರೆ. ನೀರು ಕಡಿಮೆ ಕುಡಿಯಿರಿ ಎಂದು ವರ್ಷಗಟ್ಟಲೆ ಹೇಳಿಸಿಕೊಂಡ ಹೃದಯಕ್ಕೆ ಒಂದೇ ದಿನ ಇಷ್ಟು!

ಅದಕ್ಕೇ ಮನೆಗೆ ಬಂದ ಮೇಲೆ ತೂಕದ ಯಂತ್ರವೇ ಒಳ್ಳೆಯ ಕಾವಲು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು ನಿಂತು ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ನೀರು! ಎಷ್ಟೋ ಸಲ ಉಸಿರು ಕಟ್ಟುವ ಮೊದಲೇ ಮುಳ್ಳು ಹೇಳಿಬಿಡುತ್ತದೆ. ಡಾಕ್ಟರಿಗೆ ಫೋನ್ ಮಾಡಿ. ಮೂತ್ರ ಹೋಗಿಸುವ ಮಾತ್ರೆ ಹೊತ್ತಿಗೆ ಸರಿಯಾಗಿ ಬದಲಾದರೆ ಅಡ್ಮಿಟ್ ಆಗುವುದೇ ತಪ್ಪಬಹುದು.

ಅಬ್ಲೇಷನ್ ಆದ ವಾರದಲ್ಲೇ ಎದೆ ಮತ್ತೆ ಡವಡವ ಅಂದರೆ? ಎಷ್ಟೋ ಸಲ ಅದು ಲೆಕ್ಕಕ್ಕೇ ಇಲ್ಲ! ಸುಟ್ಟ ಜಾಗ ಊದಿಕೊಂಡು ಕೆರಳಿರುತ್ತದೆ, ಕಲೆ ಗಟ್ಟಿಯಾಗಲು ಸಮಯ ಬೇಕು. ಮೊದಲ ಮೂರು ತಿಂಗಳಲ್ಲಿ ಬಂದ ಎಎಫ್ ಅನ್ನು ಸೋಲು ಎಂದು ಎಣಿಸಬಾರದೆಂಬುದು ಬಹುಕಾಲದ ನಿಯಮ. 2024ರಲ್ಲಿ ಜಗತ್ತಿನ ತಜ್ಞರು ಆ ವಿನಾಯಿತಿಯನ್ನು ಎಂಟು ವಾರಕ್ಕೆ ಇಳಿಸಿದರು. ಲೆಕ್ಕಕ್ಕಿಲ್ಲ ಎಂದು ಸುಮ್ಮನಿರಬೇಡಿ, ಡಾಕ್ಟರಿಗೆ ತಿಳಿಸಿ.

ಅಪರೂಪದ ಇನ್ನೊಂದು ಸಂಗತಿ, ಇದು ಮನೆಯವರೆಲ್ಲರಿಗೂ ಗೊತ್ತಿರಲಿ. ಎರಡು ಮೂರು ವಾರ ಕಳೆದ ಮೇಲೆ ಜ್ವರ, ನುಂಗುವಾಗ ನೋವು, ಎದೆನೋವು ಬಂದರೆ ಅದು ಬರೀ ಜ್ವರ ಅಲ್ಲದಿರಬಹುದು. ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತು ಬಿದ್ದಿರಬಹುದು. ಸಾವಿರಕ್ಕೆ ಒಬ್ಬರಿಗೂ ಆಗದ ತೊಡಕು, ಆದರೆ ಆಗಿಬಿಟ್ಟರೆ ಜೀವಕ್ಕೇ ಸಂಚಕಾರ. ಸೋಜಿಗ ಏನೆಂದರೆ, ಇಲ್ಲಿ ಎಂಡೋಸ್ಕೋಪಿ ಮಾಡುವುದೇ ಅಪಾಯ! ಅದರಿಂದ ಊದಿದ ಗಾಳಿ ಹೃದಯಕ್ಕೆ ನುಗ್ಗೀತು. ಮಾಡಬೇಕಾದ್ದು ಸಿಟಿ ಸ್ಕ್ಯಾನ್. ಅದಕ್ಕೇ ಯಾವ ಡಾಕ್ಟರ ಹತ್ತಿರ ಹೋದರೂ 'ಇಂಥ ದಿನ ಅಬ್ಲೇಷನ್ ಆಗಿದೆ' ಎಂಬ ಮಾತನ್ನೇ ಮೊದಲು ಹೇಳಬೇಕು.

ಅಮೆರಿಕದಲ್ಲಿ 2010ರಿಂದ 2015ರವರೆಗಿನ ಸುಮಾರು 60 ಸಾವಿರ ಅಬ್ಲೇಷನ್‌ಗಳ ದಾಖಲೆ ತೆರೆದು ನೋಡಿದರು. ಒಂದು ತಿಂಗಳೊಳಗೆ ತೀರಿಕೊಂಡವರು ಅರ್ಧ ಶೇಕಡಾಕ್ಕಿಂತ ಕಡಿಮೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ತೀರಿಕೊಂಡದ್ದು ಡಿಸ್ಚಾರ್ಜ್ ಆಗಿ ಮತ್ತೆ ಅಡ್ಮಿಟ್ ಆದಾಗ! ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅಪಾಯ ಹೆಚ್ಚು, ಈ ಕೆಲಸ ಕಡಿಮೆ ಮಾಡುವ ಆಸ್ಪತ್ರೆಗಳಲ್ಲೂ ಹೆಚ್ಚು. ಹಾಗಾಗಿ 'ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಅಬ್ಲೇಷನ್ ಆಗುತ್ತದೆ?' ಎಂದು ಕೇಳಲು ಸಂಕೋಚವೇ ಬೇಡ!

ಲಯ ಸರಿಹೋಯಿತಲ್ಲ, ರಕ್ತ ತೆಳು ಮಾಡುವ ಮಾತ್ರೆ ಯಾಕೆ ಎಂದು ನಿಲ್ಲಿಸೀರಿ, ಜೋಕೆ. ಎಡ ಮೇಲ್ಕೋಣೆಗೆ ಹೆಬ್ಬೆರಳಷ್ಟೇ ಇರುವ ಒಂದು ಚೀಲ ಅಂಟಿಕೊಂಡಿದೆ. ಕವಾಟದ ರೋಗವಿಲ್ಲದ ಎಎಫ್‌ನಲ್ಲಿ ಮೇಲ್ಕೋಣೆಯ ಹೆಪ್ಪುಗಳಲ್ಲಿ ಸುಮಾರು 90 ಶೇಕಡಾ ಸಿಗುವುದು ಆ ಸಣ್ಣ ಚೀಲದಲ್ಲೇ! ಅಬ್ಲೇಷನ್ ಆದ ಮೇಲೂ ಕನಿಷ್ಠ ಎರಡು ಮೂರು ತಿಂಗಳು ಎಲ್ಲರಿಗೂ ಆ ಮಾತ್ರೆ ಬೇಕೇ ಬೇಕು. ಕೆಲವರಿಗೆ ಜೀವಮಾನವಿಡೀ.

ಎಲ್ಲ ಅಧ್ಯಯನಗಳೂ ಜೈಕಾರ ಹಾಕಿದವೇ? ಇಲ್ಲ. ಜರ್ಮನಿಯ ಅಮಿಕಾ ಅಧ್ಯಯನದಲ್ಲಿ ಎರಡೂ ಗುಂಪಿನ ಇಎಫ್ ಹೆಚ್ಚುಕಡಿಮೆ ಒಂದೇ ಸಮ ಏರಿತು. 2022ರಲ್ಲಿ ಬಂದ ಕೆನಡಾ ನೇತೃತ್ವದ ರಾಫ್ಟ್-ಎಎಫ್‌ನಲ್ಲಿ 411 ಜನ. ಸಾವು ಅಥವಾ ಹಾರ್ಟ್ ಫೇಲ್ಯೂರ್ ಉಲ್ಬಣ ಅಬ್ಲೇಷನ್ ಗುಂಪಿನಲ್ಲಿ 23.4 ಶೇಕಡಾ, ಎದುರಿಗೆ 32.5. ಅಂತರ ಕಣ್ಣಿಗೆ ಕಾಣುತ್ತದೆ, ಸಂಖ್ಯಾಶಾಸ್ತ್ರದ ಗೆರೆ ದಾಟಲು ಕೂದಲೆಳೆಯಷ್ಟು ಸಾಲಲಿಲ್ಲ!

'ಚಿಕಿತ್ಸೆ ಆಯಿತು' ಎಂಬ ನಂಬಿಕೆಯಿಂದಲೇ ಗುಣ ಕಂಡಿರಬಹುದಲ್ಲ ಎಂಬ ಅನುಮಾನವೇ? ಬ್ರಿಟನ್ನಿನಲ್ಲಿ ಅದನ್ನೂ ಪರೀಕ್ಷಿಸಿದರು. 126 ಜನರಲ್ಲಿ ಅರ್ಧದಷ್ಟು ಮಂದಿಗೆ ಮಂಪರು ಕೊಟ್ಟು, ಎಲ್ಲ ಮಾಡಿದಂತೆ ಮಾಡಿ, ಅಬ್ಲೇಷನ್ ಮಾತ್ರ ಮಾಡಲಿಲ್ಲ! ರೋಗಿಗಳಿಗೆ ತಾವು ಯಾವ ಗುಂಪು ಎಂದು ಗೊತ್ತಿಲ್ಲ. ಎಎಫ್‌ನ ಹೊರೆ ನಿಜ ಅಬ್ಲೇಷನ್‌ನಲ್ಲಿ 60 ಶೇಕಡಾ ತಗ್ಗಿತು, ತೋರಿಕೆಯದರಲ್ಲಿ 35. ತುಂಬ ಸೋತ ಹೃದಯದವರು ಇದರಲ್ಲಿ ಇರಲಿಲ್ಲ, ನಿಜ. ಆದರೂ 2024ರ ಈ ಫಲಿತಾಂಶ ಬರೀ ನಂಬಿಕೆಯ ಆಟವಲ್ಲ ಎಂದು ತೋರಿಸಿತು!

ನಮ್ಮ ದೇಶದ ಕತೆ ಬೇರೆಯೇ. ಭಾರತದ 24 ಕೇಂದ್ರಗಳಲ್ಲಿ 1,537 ಎಎಫ್ ರೋಗಿಗಳನ್ನು ದಾಖಲಿಸಿದಾಗ ಸರಾಸರಿ ವಯಸ್ಸು 55ರ ಆಸುಪಾಸು ಬಂತು. ಪಶ್ಚಿಮದ ದೇಶಗಳಲ್ಲಿ ಎಎಫ್ ಎಂದರೆ ಹೆಚ್ಚಾಗಿ ಎಪ್ಪತ್ತರ ಆಸುಪಾಸಿನವರ ಕಾಯಿಲೆ! ಮತ್ತೂ ಒಂದು: ನಮ್ಮವರಲ್ಲಿ ಅರ್ಧಕ್ಕೆ ಸಮೀಪ ಮಂದಿಗೆ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ. ಬಾಲ್ಯದಲ್ಲಿ ಬಂದುಹೋದ ಗಂಟಲುನೋವು ನಡುವಯಸ್ಸಿನಲ್ಲಿ ಹೃದಯದ ತಾಳ ಕೆಡಿಸುತ್ತದೆ!

ಅಂಥವರಿಗೆ ನಾಳದ ಸುತ್ತ ಸುಡುವುದಕ್ಕಿಂತ ಮೊದಲು ಕವಾಟವನ್ನು ನೋಡಬೇಕು. ಜಪಾನಿನ ಕಾಂಜಿ ಇನೋವೆ ಕಂಡುಹಿಡಿದ ಬಲೂನಿನಿಂದ ಅಂಟಿಕೊಂಡ ಕವಾಟ ಬಿಡಿಸುವುದಕ್ಕೆ ಬೆಂಗಳೂರಿನ ಜಯದೇವ ಸಂಸ್ಥೆ ಹೆಸರುವಾಸಿ. ಅಲ್ಲೂ ತೊಡೆಸಂದಿನಿಂದ ಹೊರಟು ಅದೇ ಪರದೆಗೆ ತೂತು ಮಾಡಿ ಎಡಕ್ಕೆ ದಾಟಬೇಕು. ಹಾದಿ ಒಂದೇ, ಕೆಲಸ ಬೇರೆ!

ಹೊಟ್ಟೆ ಕರಗಿದರೆ ಲಯ ಸರಿಯಾದೀತೇ? ಆದೀತು! ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿಸಿಕೊಂಡ ದಪ್ಪ ಮೈಯವರು ಎಎಫ್ ಇಲ್ಲದೆ ಉಳಿಯುವ ಸಂಭವ ಆರು ಪಟ್ಟು ಹೆಚ್ಚಾಯಿತು. ಅದೇ ದೇಶದಲ್ಲಿ ಕುಡಿತ ಬಿಟ್ಟವರಿಗೂ ಬಿಡದವರಿಗೂ ಹೋಲಿಸಿದಾಗ ಎಎಫ್ ಮರಳಿದ್ದು 53 ಶೇಕಡಾ ಜನರಿಗೆ, ಎದುರಿಗೆ 73!

ಕಾಫಿ? ಚಿಕ್ಕಮಗಳೂರಿನವರು ಹತ್ತಿರ ಬನ್ನಿ! ಶಾಕ್ ಕೊಟ್ಟು ಎಎಫ್ ಸರಿಪಡಿಸಿಕೊಂಡ 200 ಕಾಫಿಪ್ರಿಯರ ಮೇಲೆ 2025ರಲ್ಲಿ ಬಂದ ಅಧ್ಯಯನ ಇದು. ಆರು ತಿಂಗಳಲ್ಲಿ ಕಾಫಿ ಪೂರ್ತಿ ಬಿಡಬೇಕಿದ್ದ ಗುಂಪಿನಲ್ಲಿ 64 ಶೇಕಡಾ ಜನರಿಗೆ ತೊಂದರೆ ಮರಳಿತು. ದಿನಕ್ಕೆ ಒಂದು ಕಪ್ಪಾದರೂ ಕುಡಿಯಬೇಕಿದ್ದವರಲ್ಲಿ 47! ಹೃದಯದವರು ಕಾಫಿ ಮುಟ್ಟಬಾರದು ಎಂದು ನಾವೆಲ್ಲ ಎಷ್ಟು ಜನರ ಲೋಟ ಕಿತ್ತುಕೊಂಡಿದ್ದೆವೋ!

ಕೊನೆಯದು ಎಲ್ಲಕ್ಕಿಂತ ದೊಡ್ಡದು. ಜರ್ಮನಿಯ ಬಾಡ್ ಓಯ್ನ್‌ಹೌಸನ್ ಎಂಬ ಪುಟ್ಟ ಊರಿನಲ್ಲಿ ದೊಡ್ಡ ಹೃದಯ ಕೇಂದ್ರವಿದೆ. ಹೃದಯ ಕಸಿ ಮಾಡಬೇಕೇ ಎಂದು ನೋಡಲು ಅಲ್ಲಿಗೆ ಕಳಿಸಿದ 194 ಜನರನ್ನು ಆಯ್ದರು. ಎಲ್ಲರಿಗೂ ಹಾರ್ಟ್ ಫೇಲ್ಯೂರ್‌ನ ಕೊನೆಯ ಹಂತ, ಜೊತೆಗೆ ಎಎಫ್. ಇಷ್ಟು ಸೋತವರಿಗೆ ಅಬ್ಲೇಷನ್ ಮಾಡಿ ಏನು ಫಲ ಎಂದು ಬಹಳ ಮಂದಿ ಕೈಚೆಲ್ಲುವಂಥ ಸ್ಥಿತಿ.

97 ಜನ ಅಬ್ಲೇಷನ್ ಗುಂಪಿಗೆ, 97 ಜನ ಔಷಧಕ್ಕೆ. ಔಷಧದ ಗುಂಪಿನಲ್ಲಿ 29 ಜನ ತೀರಿಕೊಂಡರು, ಇಲ್ಲವೇ ಅವರಿಗೆ ಹೃದಯಕ್ಕೆ ಆಸರೆಯ ಪಂಪ್ ಅಥವಾ ತುರ್ತು ಕಸಿ ಬೇಕಾಯಿತು. ಅಬ್ಲೇಷನ್ ಗುಂಪಿನಲ್ಲಿ ಎಂಟು! ಅಂತರ ಎಷ್ಟು ದೊಡ್ಡದೆಂದರೆ, ಇನ್ನು ಕಾಯುವುದು ಬೇಡ ಎಂದು ಅಧ್ಯಯನವನ್ನೇ ಅವಧಿಗೆ ಮುಂಚೆ ನಿಲ್ಲಿಸಿದರು. ಕ್ಯಾಸಲ್-ಎಚ್‌ಟಿಎಕ್ಸ್ ಹೆಸರಿನ ಇದು ಪ್ರಕಟವಾದದ್ದು 2023ರಲ್ಲಿ. ಅದೇ ವರ್ಷ ಅಮೆರಿಕದ ಹೃದಯ ತಜ್ಞರ ಸಂಘಗಳು ಹೊಸ ಮಾರ್ಗಸೂಚಿ ತಂದವು. ಎಎಫ್ ಜೊತೆಗೆ ಇಎಫ್ ಕುಸಿದವರಲ್ಲಿ ಸೂಕ್ತವಾದವರಿಗೆ ಅಬ್ಲೇಷನ್ ಈಗ ಮೊದಲ ದರ್ಜೆಯ ಶಿಫಾರಸು!